ವಾಷಿಂಗ್ಟನ್ ಪೇಯ್ಡ್ ಲೀವ್: ಹೊಸ ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿಲ್ಲ, ನನಗೆ ಸಿಗುತ್ತಾ?

ಕೆಂಟ್ ಕನ್ನಡತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವಿರುವುದು ವಾಷಿಂಗ್ಟನ್ ರಾಜ್ಯದ ಕೆಂಟ್‌ನಲ್ಲಿ. ನಮ್ಮನೆಯವರಿಗೆ ಜೂನ್ ಮೂರನೇ ವಾರ ಬೈಪಾಸ್ ಸರ್ಜರಿ ಅಂತ ದಿನ ಗೊತ್ತು ಮಾಡಿದ್ದಾರೆ. ಎಂಟು ವಾರ ಭಾರ ಎತ್ತುವಂತಿಲ್ಲ, ಶುರುವಿನಲ್ಲಂತೂ ಪಕ್ಕದಲ್ಲಿ ಒಬ್ಬರು ಇರಲೇಬೇಕು ಅಂದಿದ್ದಾರೆ. ಊರಿಂದ ಬರುವವರು ಯಾರೂ ಇಲ್ಲ. ನಾನೇ ನೋಡಿಕೊಳ್ಳಬೇಕು. ಅದಕ್ಕೆ ಪೇಯ್ಡ್ ಲೀವ್ ಬೇಕು, ಅಂದರೆ ರಜೆಯಲ್ಲಿದ್ದಾಗ ರಾಜ್ಯದಿಂದ ದುಡ್ಡು ಸಿಗುವ ಕಾರ್ಯಕ್ರಮ.

ನನಗೆ ಎಚ್4 ಇಎಡಿ (ಎಚ್1ಬಿ ವೀಸಾದವರ ಗಂಡ ಅಥವಾ ಹೆಂಡತಿಗೆ ಕೊಡುವ ಕೆಲಸದ ಪರವಾನಗಿ) ಸಿಕ್ಕಿದ್ದು ಹೋದ ವರ್ಷ. 2025ರ ಮೇ ಶುರುವಿನಿಂದ ನವೆಂಬರ್ ಕೊನೆಯವರೆಗೆ ಒಂದು ಪ್ರಿಸ್ಕೂಲ್‌ನಲ್ಲಿ ವಾರಕ್ಕೆ ಸುಮಾರು 20 ಗಂಟೆ ಕೆಲಸ ಮಾಡಿದೆ, ಗಂಟೆಗೆ 22 ಡಾಲರ್. ಡಿಸೆಂಬರ್ ಪೂರ್ತಿ ಮನೆಯಲ್ಲಿದ್ದೆ. ಈ ವರ್ಷ ಜನವರಿ 12ರಂದು ಒಂದು ಡೆಂಟಲ್ ಕ್ಲಿನಿಕ್‌ನಲ್ಲಿ ಫ್ರಂಟ್ ಡೆಸ್ಕ್‌ಗೆ ಸೇರಿದೆ. ವಾರಕ್ಕೆ 25 ಗಂಟೆ, 24 ಡಾಲರ್. ಎಲ್ಲ ಬ್ರಾಂಚ್ ಸೇರಿ ನಲವತ್ತು ಜನ ಇರಬಹುದು. ಇದಲ್ಲದೆ ಶನಿವಾರ, ಭಾನುವಾರ ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ.

ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು, "ಒಂದೇ ಕಡೆ ಒಂದು ವರ್ಷ ಆಗಿರಬೇಕು, ನಿನಗೆ ಸಿಗಲ್ಲ" ಅಂತ ಕಡ್ಡಿ ಮುರಿದ ಹಾಗೆ ಹೇಳಿದರು. ಪ್ರತಿ ಸಂಬಳದಲ್ಲೂ ಇದಕ್ಕೆ ಅಂತ ದುಡ್ಡು ಹಿಡಿಯುತ್ತಾರೆ, ಆದರೂ ಸಿಗಲ್ವಾ? ಗೊತ್ತಿರುವವರು ದಯವಿಟ್ಟು ಹೇಳಿ. ರಾತ್ರಿ ನಿದ್ದೆ ಬರುತ್ತಿಲ್ಲ.

ಬಾಥೆಲ್ ವಾಸಿ

ನಿಮ್ಮ ಜೊತೆಯವರು ಹೇಳಿದ್ದು ಎಫ್‌ಎಂಎಲ್‌ಎ ವಿಷಯ. ಅದು ಕುಟುಂಬ ಮತ್ತು ವೈದ್ಯಕೀಯ ರಜೆಯ 1993ರ ಕೇಂದ್ರ ಕಾನೂನು. ಅದಕ್ಕೆ 12 ತಿಂಗಳು, 1,250 ಗಂಟೆ, 50 ಜನರಿರುವ ಕಂಪನಿ, ಎಲ್ಲಾ ಬೇಕು. ಕೊಡುವುದು ಮಾತ್ರ ಸಂಬಳ ಇಲ್ಲದ ರಜೆ. ನೀವು ಕೇಳುತ್ತಿರುವುದು ವಾಷಿಂಗ್ಟನ್ ರಾಜ್ಯದ್ದು, ಅದೇ ಬೇರೆ. ವೀಸಾ ಯಾವುದು ಅನ್ನುವುದು ಇಲ್ಲಿ ಅಡ್ಡ ಬರುವುದಿಲ್ಲ.

ಲೆಕ್ಕದ ಅಕ್ಕ

ತಂಗಿ, ಮೊದಲು ಸ್ವಲ್ಪ ಸಮಾಧಾನ ಮಾಡಿಕೊ. ನಾನು ಟಕೋಮಾದಲ್ಲಿ ಪೇರೋಲ್ ಕೆಲಸ ಮಾಡುತ್ತೇನೆ. ಈ ಕಾರ್ಯಕ್ರಮ ದುಡ್ಡು ಕೊಡಲು ಶುರು ಮಾಡಿದ 2020ರಿಂದ ಇದೇ ಪ್ರಶ್ನೆ ನನ್ನ ಮೇಜಿಗೆ ಬರುತ್ತಿದೆ. ನೀನು ಎರಡು ವಿಷಯ ಬೇರೆ ಬೇರೆ ಮಾಡಿ ನೋಡಬೇಕು. ದುಡ್ಡು ಸಿಗುತ್ತಾ ಅನ್ನುವುದು ಒಂದು. ವಾಪಸ್ ಹೋದಾಗ ಕೆಲಸ ಇರುತ್ತಾ ಅನ್ನುವುದು ಇನ್ನೊಂದು. ಎರಡಕ್ಕೂ ನಿಯಮ ಬೇರೆ.

ದುಡ್ಡಿಗೆ ಬೇಕಾದದ್ದು 820 ಗಂಟೆ. ಈ ರಾಜ್ಯದಲ್ಲಿ ಮಾಡಿದ ಕೆಲಸ ಆಗಿರಬೇಕು, ಅಷ್ಟೇ. ಒಂದೇ ಕಡೆ ಆಗಬೇಕು ಅಂತಿಲ್ಲ. ಪ್ರಿಸ್ಕೂಲ್ ಗಂಟೆಗಳೂ ಕ್ಲಿನಿಕ್ ಗಂಟೆಗಳೂ ಕೂಡುತ್ತವೆ. ಮಧ್ಯೆ ಒಂದು ತಿಂಗಳು ಖಾಲಿ ಇದ್ದರೂ ಪರವಾಗಿಲ್ಲ. ಸಂಗೀತದ ಪಾಠ ಮಾತ್ರ ಸೇರಲ್ಲ. ಅದು ಸ್ವಂತ ಕೆಲಸ. ಸ್ವಂತ ಕೆಲಸದವರು ತಾವಾಗಿ ಅರ್ಜಿ ಹಾಕಿ, ಪ್ರೀಮಿಯಂ ಕಟ್ಟಿ ಸೇರಿಕೊಂಡಿದ್ದರೆ ಮಾತ್ರ ಲೆಕ್ಕ.

ಯಾವ ಗಂಟೆಗಳನ್ನು ನೋಡುತ್ತಾರೆ ಅನ್ನುವುದರಲ್ಲೇ ಎಲ್ಲರೂ ಎಡವುವುದು. ಮುಗಿದ ಐದು ಕ್ವಾರ್ಟರ್ (ಒಂದು ಕ್ವಾರ್ಟರ್ ಅಂದರೆ ವರ್ಷದ ಮೂರು ತಿಂಗಳು) ತೆಗೆದುಕೊಂಡು, ಅದರಲ್ಲಿ ಮೊದಲ ನಾಲ್ಕನ್ನು ನೋಡುತ್ತಾರೆ. ನೀನು ಜೂನ್‌ನಲ್ಲಿ ಅರ್ಜಿ ಹಾಕಿದರೆ ಅದು 2025ರ ಜನವರಿಯಿಂದ ಡಿಸೆಂಬರ್. ಅದರಲ್ಲಿ ನಿನ್ನದು ಸುಮಾರು 600 ಗಂಟೆ, ಸಾಲಲ್ಲ. ಆದರೆ ಅಲ್ಲಿಗೇ ಮುಗಿಯಲಿಲ್ಲ. ಹಾಗೆ ಸಾಲದಿದ್ದಾಗ, ಈಚೆಗೆ ಮುಗಿದ ನಾಲ್ಕು ಕ್ವಾರ್ಟರ್ ನೋಡುತ್ತಾರೆ. ಅಂದರೆ 2025ರ ಏಪ್ರಿಲ್‌ನಿಂದ 2026ರ ಮಾರ್ಚ್. ಅದಕ್ಕೆ ಕ್ಲಿನಿಕ್‌ನ ಸುಮಾರು 280 ಗಂಟೆ ಸೇರಿದರೆ 880 ಆಯಿತು. ಇದೇ ಸರ್ಜರಿ ಮಾರ್ಚ್‌ನಲ್ಲಿ ಆಗಿದ್ದರೆ ಕ್ಲಿನಿಕ್ ಗಂಟೆ ಒಂದೂ ಲೆಕ್ಕಕ್ಕೆ ಬರುತ್ತಿರಲಿಲ್ಲ, ನೋಡು.

ಆದರೂ 880 ಅನ್ನುವುದು 820ರ ಪಕ್ಕದಲ್ಲೇ ಇದೆ. ಪ್ರಿಸ್ಕೂಲ್‌ನಲ್ಲಿ ಬೇಸಿಗೆ ರಜೆ ಅಂತ ಒಂದಷ್ಟು ವಾರ ಕೆಲಸ ಇರಲಿಲ್ಲವಾ? ಪೇ ಸ್ಟಬ್ (ಸಂಬಳದ ಚೀಟಿ) ಎಲ್ಲಾ ಇಟ್ಟುಕೊಂಡು ಇವತ್ತೇ ಕೂಡಿಸು. ಮಾಲೀಕರು ಪ್ರತಿ ಕ್ವಾರ್ಟರ್ ಗಂಟೆಗಳನ್ನು ಈ ಕಾರ್ಯಕ್ರಮ ನಡೆಸುವ ರಾಜ್ಯದ ಇಲಾಖೆಯಾದ ಎಂಪ್ಲಾಯ್‌ಮೆಂಟ್ ಸೆಕ್ಯೂರಿಟಿ ಡಿಪಾರ್ಟ್‌ಮೆಂಟ್‌ಗೆ ಕಳಿಸಿರುತ್ತಾರೆ. ಮಾಲೀಕರು ಕಡಿಮೆ ತೋರಿಸಿದ್ದರೆ ನಿನ್ನ ಕೈಯಲ್ಲಿರುವ ಸ್ಟಬ್ಬೇ ಆಧಾರ.

ಎಷ್ಟು ಸಿಗುತ್ತೆ? ಆ ನಾಲ್ಕು ಕ್ವಾರ್ಟರ್‌ನಲ್ಲಿ ಜಾಸ್ತಿ ಸಂಬಳ ಬಂದ ಎರಡನ್ನು ಕೂಡಿಸಿ 26ರಿಂದ ಭಾಗಿಸುತ್ತಾರೆ. ನಿನ್ನದು 12,480 ಡಾಲರ್ ಅಂದುಕೋ. ವಾರಕ್ಕೆ 480 ಆಯಿತು. ನಿನ್ನಷ್ಟು ಸಂಬಳದವರಿಗೆ ಅದರ ಶೇಕಡಾ 90, ಅಂದರೆ 432 ಡಾಲರ್. ಸಂಬಳ ಜಾಸ್ತಿ ಇರುವವರಿಗೆ ಈ ಪಾಲು ಇಳಿಯುತ್ತೆ, 2026ರಲ್ಲಿ ವಾರಕ್ಕೆ 1,647 ಡಾಲರ್ ಮೀರಲ್ಲ. ಮನೆಯವರನ್ನು ನೋಡಿಕೊಳ್ಳಲು 12 ವಾರದವರೆಗೆ ಇದೆ. ಮೊದಲ ವಾರಕ್ಕೆ ದುಡ್ಡಿಲ್ಲ, ಅದು ಕಾಯುವ ವಾರ. ಮಗು ಹುಟ್ಟಿದಾಗ ಆ ವಾರ ಇಲ್ಲ, ನಿನ್ನಂಥ ಸಂದರ್ಭಕ್ಕೆ ಇದೆ. ಆ ವಾರದ ಖರ್ಚಿಗೆ ಈಗಲೇ ದಾರಿ ಮಾಡಿಟ್ಟುಕೋ.

ಈಗ ನನಗೆ ನಿಜವಾಗಿ ಚಿಂತೆಯಾದ ವಿಷಯ. ಕೆಲಸ ಕಾಯ್ದಿಡಬೇಕು ಅನ್ನುವ ನಿಯಮ ಈ ಜನವರಿಯಿಂದ ಬದಲಾಗಿದೆ. ಮೊದಲು 50 ಜನ ಇರಬೇಕಿತ್ತು, ಈಗ 25 ಸಾಕು. ಅಲ್ಲಿಗೆ ನಿನ್ನ ಕ್ಲಿನಿಕ್ ಒಳಗೆ ಬಂತು. ಮೊದಲು ಒಂದು ವರ್ಷ ಬೇಕಿತ್ತು, ಈಗ ಸೇರಿ 180 ದಿನ ಆಗಿದ್ದರೆ ಸಾಕು. ಜನವರಿ 12ರಿಂದ ಎಣಿಸಿದರೆ 180 ದಿನ ತುಂಬುವುದು ಜುಲೈ 11ಕ್ಕೆ. ನಿನ್ನ ರಜೆ ಜೂನ್‌ನಲ್ಲೇ ಶುರು. ದುಡ್ಡು ಬರುತ್ತೆ, ಆದರೆ ಅದೇ ಕೆಲಸ ವಾಪಸ್ ಕೊಡಲೇಬೇಕು ಅಂತ ಈ ಕಾನೂನಿನಡಿ ಹೇಳಲು ಆಗಲ್ಲ.

ಸರ್ಜರಿ ಮೂರ್ನಾಲ್ಕು ವಾರ ಮುಂದೆ ಹೋಗಬಹುದಾ ಅಂತ ಡಾಕ್ಟರನ್ನು ಒಂದು ಮಾತು ಕೇಳು. ಆಗಲ್ಲ ಅಂದರೆ ಆ ಯೋಚನೆ ಅಲ್ಲಿಗೇ ಬಿಡು. ಹೃದಯದ ಮುಂದೆ ಕ್ಲಿನಿಕ್ ಕೆಲಸ ದೊಡ್ಡದಲ್ಲ. ಆಗ ಮ್ಯಾನೇಜರ್ ಹತ್ತಿರ ಮಾತಾಡಿ, ಇಷ್ಟು ವಾರದ ನಂತರ ಇದೇ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ ಅಂತ ಇಮೇಲ್‌ನಲ್ಲಿ ಬರೆಸಿಕೋ. ಬಾಯಿಮಾತು ಸಾಲದು.

ರೆಡ್‌ಮಂಡ್ ರಾಯರು

ಅಕ್ಕ ಹೇಳಿದ ಮೇಲೆ ನನ್ನದು ಸ್ವಲ್ಪವೇ. ನಿಮ್ಮ ಯಜಮಾನರೂ ಕೆಲಸದಲ್ಲಿದ್ದರೆ, ಅವರು ತಮ್ಮದೇ ಮೆಡಿಕಲ್ ಲೀವ್‌ಗೆ ಬೇರೆ ಅರ್ಜಿ ಹಾಕಬಹುದು. ಇಬ್ಬರೂ ಒಟ್ಟಿಗೆ ಪಡೆಯಬಹುದು, ಒಬ್ಬರದ್ದರಿಂದ ಇನ್ನೊಬ್ಬರದ್ದು ಕಡಿಮೆಯಾಗುವುದಿಲ್ಲ. ಕೆಲವು ಕಂಪನಿಗಳು ರಾಜ್ಯದ ಒಪ್ಪಿಗೆ ಪಡೆದು ತಮ್ಮದೇ ಪ್ಲಾನ್ ನಡೆಸುತ್ತವೆ. ಅಂಥ ಕಡೆ ಅರ್ಜಿ ಕಂಪನಿಗೇ ಹೋಗಬೇಕು. ಎಚ್‌ಆರ್‌ಗೆ ಮೊದಲು ಇದನ್ನು ಕೇಳಿ.

ಇನ್ನೊಂದು ವಿಷಯ. ಕ್ಲಿನಿಕ್‌ನವರು "ಮೊದಲು ನಿಮ್ಮ ವೆಕೇಶನ್ ಮುಗಿಸಿ" ಅಂತ ಒತ್ತಾಯ ಮಾಡುವಂತಿಲ್ಲ.

ಕೆಂಟ್ ಕನ್ನಡತಿ

ಅಕ್ಕಾ, ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ. ರಾಯರಿಗೂ, ಬಾಥೆಲ್‌ನವರಿಗೂ ಕೂಡ. ಸ್ಟಬ್ ಎಲ್ಲಾ ಕೂಡಿಸಿದೆ, ಆಗಸ್ಟ್‌ನಲ್ಲಿ ಪ್ರಿಸ್ಕೂಲ್ ಒಂದು ವಾರ ಮುಚ್ಚಿತ್ತು, ಆದರೂ 820 ದಾಟುತ್ತೆ. ಡಾಕ್ಟರ್ ದಿನ ಮುಂದೆ ಹಾಕಲು ಒಪ್ಪಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಮ್ಯಾನೇಜರ್ ಮಾತ್ರ ಒಳ್ಳೆಯವರು, ಆಗಸ್ಟ್ ಕೊನೆಗೆ ಇದೇ ಡೆಸ್ಕ್‌ಗೆ ವಾಪಸ್ ಬನ್ನಿ ಅಂತ ಇಮೇಲ್ ಕಳಿಸಿದರು. ಇನ್ನೊಂದೇ ಪ್ರಶ್ನೆ: ಅರ್ಜಿ ಈಗಲೇ ಹಾಕಿಬಿಡಲಾ?

ಲೆಕ್ಕದ ಅಕ್ಕ

ಈಗ ಬೇಡ. ರಜೆಗೆ ಕಾರಣವಾದದ್ದು ನಡೆದ ಮೇಲೆ ಹಾಕಬೇಕು, ಅಂದರೆ ಸರ್ಜರಿ ಆದ ಮೇಲೆ. ಈಗ ಮಾಡಬೇಕಾದದ್ದು ಎರಡು. ಮೊದಲೇ ಗೊತ್ತಿರುವ ರಜೆ ಆದ್ದರಿಂದ 30 ದಿನ ಮುಂಚೆ ಕ್ಲಿನಿಕ್‌ಗೆ ಬರಹದಲ್ಲಿ ತಿಳಿಸಬೇಕು. ಮ್ಯಾನೇಜರ್ ಕಳಿಸಿದ ಇಮೇಲ್‌ಗೆ ಉತ್ತರವಾಗಿಯೇ ದಿನಾಂಕಗಳನ್ನು ಬರೆದು ಕಳಿಸು. ಎರಡನೆಯದು, ಗಂಭೀರ ಕಾಯಿಲೆಯ ಸರ್ಟಿಫಿಕೇಶನ್ ಫಾರ್ಮ್ ಇಳಿಸಿಕೊಂಡು ಸರ್ಜನ್ ಆಫೀಸಿಗೆ ಈಗಲೇ ಕೊಟ್ಟಿಡು. ಅಲ್ಲಿ ಸಹಿಗೆ ತಡವಾಗುತ್ತೆ.

ಅರ್ಜಿ ಒಪ್ಪಿದ ಮೇಲೂ ಪ್ರತಿ ವಾರ ಕ್ಲೇಮ್ ಹಾಕಬೇಕು. ವಾರ ಅಂದರೆ ಭಾನುವಾರದಿಂದ ಶನಿವಾರ. ಸುಮ್ನೆ ಒಂದು ಸಲ ಹಾಕಿ ಬಿಟ್ಟರೆ ದುಡ್ಡು ಬರಲ್ಲ. ಆಸ್ಪತ್ರೆ ಓಡಾಟದಲ್ಲಿ ಇದು ಮರೆತುಹೋಗುತ್ತೆ, ಫೋನಿನಲ್ಲಿ ಭಾನುವಾರಕ್ಕೆ ಅಲಾರಂ ಇಟ್ಟುಕೋ. ಸಂಗೀತದ ಪಾಠ ಆ ವಾರಗಳಲ್ಲೂ ಮಾಡುವುದಾದರೆ, ಕ್ಲೇಮ್‌ನಲ್ಲಿ ಅದನ್ನು ಹೇಗೆ ತೋರಿಸಬೇಕು ಅಂತ ಆ ಇಲಾಖೆಯವರಿಗೇ ಫೋನ್ ಮಾಡಿ ಕೇಳು. ಮುಚ್ಚಿಡಬೇಡ.

ಫಾರ್ಮ್ ತುಂಬುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಬರೆ, ನಾನು ಸಂಜೆ ನೋಡುತ್ತೇನೆ.