'ನಿರೋಧಕ' ಯಾರು: ಮದ್ದೋ, ಬ್ಯಾಕ್ಟೀರಿಯಾವೋ?

ಎಲ್ಲರಿಗೂ ನಮಸ್ಕಾರ.

ಬ್ಯಾಕ್ಟೀರಿಯಾದ ಹೊರಮೈಯಲ್ಲಿರುವ ಪ್ರೋಟೀನುಗಳಿಗೇ ಗುರಿ ಇಡುವ ಹೊಸ ಔಷಧಗಳ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ವಿಜ್ಞಾನ ಹೇಗೋ ದಡ ಸೇರಿತು. ಮೂರು ದಿನದಿಂದ ಸಿಕ್ಕಿಹಾಕಿಕೊಂಡಿರುವುದು 'ನಿರೋಧಕ' ಅನ್ನುವ ಪದದಲ್ಲಿ.

ಆಂಟಿಮೈಕ್ರೋಬಿಯಲ್ ಔಷಧವನ್ನು 'ಸೂಕ್ಷ್ಮಜೀವಿ ನಿರೋಧಕ' ಅನ್ನುತ್ತೇವೆ. ಆ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾವನ್ನು 'ಔಷಧ ನಿರೋಧಕ' ಅನ್ನುತ್ತೇವೆ. ಕಳ್ಳನಿಗೂ ಪೊಲೀಸಿಗೂ ಒಂದೇ ಹೆಸರು! ಇನ್ನು ಆಂಟಿಮೈಕ್ರೋಬಿಯಲ್ ರೆಸಿಸ್ಟೆನ್ಸ್ ಅನ್ನುವುದನ್ನು ಇದೇ ದಾರಿಯಲ್ಲಿ ಕನ್ನಡಕ್ಕೆ ತಂದರೆ 'ಸೂಕ್ಷ್ಮಜೀವಿ ನಿರೋಧಕ ನಿರೋಧಕತೆ' ಆಗುತ್ತದೆ. ಒಮ್ಮೆ ಗಟ್ಟಿಯಾಗಿ ಓದಿ ನೋಡಿ.

ಕರಡನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. "ನಿರೋಧಕ ಶಕ್ತಿ ಜಾಸ್ತಿ ಆದ್ರೆ ಒಳ್ಳೇದೇ ಅಲ್ವೇನೋ?" ಅಂದರು. ಅವರದೇನೂ ತಪ್ಪಿಲ್ಲ. ಕೊರೊನಾ ಕಾಲದಲ್ಲಿ ಕಷಾಯದ ಪುಡಿಯ ಪೊಟ್ಟಣದ ಮೇಲೂ 'ರೋಗನಿರೋಧಕ ಶಕ್ತಿ' ಅಂತ ಅಚ್ಚಾಗಿತ್ತು. ಆಮೇಲೆ ಅವರೇ ಸೇರಿಸಿದರು, "ನಂಗಂತೂ ಮಾತ್ರೆ ತಿಂದು ತಿಂದು ಮೈ ಒಗ್ಗಿಹೋಗಿದೆ. ಈಗ ಯಾವ ಮದ್ದೂ ನಾಟಲ್ಲ."

ಈ ಮಾತಿನಲ್ಲಿ ಒಂದು ಒಳ್ಳೆಯ ಪದವೂ ಇದೆ, ಒಂದು ತಪ್ಪು ತಿಳಿವಳಿಕೆಯೂ ಇದೆ. ಒಳ್ಳೆಯ ಪದ 'ನಾಟು'. ಮದ್ದು ನಾಟಿತು, ನಾಟಲಿಲ್ಲ ಅಂತ ನಮ್ಮ ಮನೆಯಲ್ಲಿ ಹೇಳುತ್ತಲೇ ಇರುತ್ತೇವೆ. ತಪ್ಪು ಏನೆಂದರೆ, ಇಲ್ಲಿ ಮದ್ದಿಗೆ ಒಗ್ಗಿಹೋಗುವುದು ನಮ್ಮ ಮೈಯಲ್ಲ, ಬ್ಯಾಕ್ಟೀರಿಯಾ. ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇರುತ್ತದಲ್ಲ, ಡಾಕ್ಟರ ಚೀಟಿ ಇಲ್ಲದೆ ತಗೋಬೇಡಿ ಅಂತ? ಆ ಗೆರೆಯ ಬಗ್ಗೆ ಸರ್ಕಾರ 2016ರಲ್ಲಿ ಪ್ರಚಾರ ಶುರು ಮಾಡಿತು. ಆದರೆ ಜಗ್ಗದವರು ಯಾರು ಅನ್ನುವುದನ್ನು ಗೆರೆ ಹೇಳುವುದಿಲ್ಲ, ಪದವೇ ಹೇಳಬೇಕು. ಹಾಗಾಗಿ ಸದ್ಯಕ್ಕೆ 'ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾ' ಅಂತ ಬರೆದಿದ್ದೇನೆ. ಇದರ ನಾಮಪದ ಮಾತ್ರ ಕೈಗೆ ಸಿಗುತ್ತಿಲ್ಲ. 'ಜಗ್ಗದಿಕೆ' ಅಂದರೆ ನೀವು ನಗುತ್ತೀರಿ, ನಾನೂ ನಕ್ಕೆ.

ಎರಡನೇ ತೊಡಕು ಔಷಧದ ಹೆಸರಿನದೇ. ಸೂಕ್ಷ್ಮಜೀವಿನಾಶಕ, ಬ್ಯಾಕ್ಟೀರಿಯಾನಾಶಕ ಅನ್ನುವವರಿದ್ದಾರೆ. ಆದರೆ ನಾನು ಬರೆಯುತ್ತಿರುವ ಔಷಧಗಳಲ್ಲಿ ಕೆಲವು ಕೊಲ್ಲುವುದೇ ಇಲ್ಲ. ಉರಿಮೂತ್ರವನ್ನೇ ತಗೊಳ್ಳಿ. ಅದು ಹೆಚ್ಚಾಗಿ ಬರುವುದು ಇ. ಕೋಲಿ ಬ್ಯಾಕ್ಟೀರಿಯಾದಿಂದ. ಅದರ ಮೈಮೇಲೆ ಕೂದಲಿನಂಥ ಎಳೆಗಳಿವೆ, ಎಳೆಯ ತುದಿಯಲ್ಲಿ ಫಿಮ್‌ಎಚ್ ಅನ್ನುವ ಪ್ರೋಟೀನು. ಹೊಲದ ಬದುವಿನಲ್ಲಿ ನಡೆದು ಬಂದರೆ ಪಂಚೆಗೆ ಉತ್ತರಾಣಿ ಕಚ್ಚಿಕೊಳ್ಳುತ್ತದಲ್ಲ, ಹಾಗೆ ಇದು ಮೂತ್ರಕೋಶದ ಒಳಗೋಡೆಯಲ್ಲಿರುವ ಮ್ಯಾನೋಸ್ ಅನ್ನುವ ಸಕ್ಕರೆಯನ್ನು ಹಿಡಿದುಕೊಳ್ಳುತ್ತದೆ. ಮ್ಯಾನೋಸೈಡ್ ಅನ್ನುವ ಮದ್ದುಗಳು ಆ ಸಕ್ಕರೆಯ ವೇಷ ಹಾಕಿಕೊಂಡು ಬರುತ್ತವೆ. ಪ್ರೋಟೀನು ಅವನ್ನೇ ಹಿಡಿದುಕೊಂಡು ಕೂರುತ್ತದೆ, ಗೋಡೆ ಹಿಡಿಯಲು ಅದಕ್ಕೆ ಕೈ ಖಾಲಿ ಇರುವುದಿಲ್ಲ. ಬ್ಯಾಕ್ಟೀರಿಯಾ ಜೀವಂತವಾಗಿಯೇ ಮೂತ್ರದ ಜೊತೆ ಹೊರಗೆ ಹೋಗಬೇಕು, ಅದು ಲೆಕ್ಕಾಚಾರ. ಇದನ್ನು 'ನಾಶಕ' ಅನ್ನುವುದು ಹೇಗೆ? 'ಅಂಟುತಡೆ ಮದ್ದು' ಅಂತ ಬರೆದಿದ್ದೇನೆ. ಗೋಂದಿನ ಜಾಹೀರಾತಿನ ಹಾಗೆ ಕೇಳಿಸಿದರೆ ಹೇಳಿಬಿಡಿ.

ಇನ್ನು ಕೆಲವು ನಿಜವಾಗಿಯೂ ಕೊಲ್ಲುತ್ತವೆ. 2019ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಕಿಮ್ ಲೂಯಿಸ್ ತಂಡ ಡ್ಯಾರೋಬ್ಯಾಕ್ಟಿನ್ ಅನ್ನುವುದನ್ನು ಕಂಡುಹಿಡಿಯಿತು. ಅದು ಸಿಕ್ಕಿದ್ದು ನೆಮಟೋಡ್ ಹುಳುಗಳ ಕರುಳಲ್ಲಿ ಬದುಕುವ ಫೋಟೋರಾಬ್ಡಸ್ ಬ್ಯಾಕ್ಟೀರಿಯಾದಲ್ಲಿ. ಅಡಿಕೆ ತೋಟದವರಿಗೆ ಈ ಹುಳುಗಳು ಹೊಸಬರಲ್ಲ. ಬೇರುಹುಳಕ್ಕೆ ಅಂತ ಬುಡಕ್ಕೆ ಹಾಕುವ ನೆಮಟೋಡ್ ಪುಡಿಯಲ್ಲಿರುವುದು ಇದೇ ಬಳಗ. (ನೆಮಟೋಡಿಗೆ 'ಜಂತುಹುಳು' ಅಂತ ಬರೆದಿದ್ದೆ. ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡರು, ತೆಗೆದುಹಾಕಿದೆ.) ಡ್ಯಾರೋಬ್ಯಾಕ್ಟಿನ್ ಹಿಡಿಯುವುದು ಬಾಮ್‌ಎ ಅನ್ನುವ ಪ್ರೋಟೀನನ್ನು. ಇದು ಹೊರಪೊರೆಯಲ್ಲಿ ಕೂತು ಬೇರೆ ಪ್ರೋಟೀನುಗಳನ್ನು ಅಲ್ಲಿ ಸರಿಯಾಗಿ ಕೂರಿಸುವ ಮೇಸ್ತ್ರಿ. ಮೇಸ್ತ್ರಿಯ ಕೈ ಕಟ್ಟಿದರೆ ಪೊರೆ ಕೆಡುತ್ತದೆ, ಬ್ಯಾಕ್ಟೀರಿಯಾ ಸಾಯುತ್ತದೆ. ಮದ್ದು ಒಳಗೆ ನುಗ್ಗಬೇಕಾಗಿಯೇ ಇಲ್ಲ. ಮುಖ್ಯ ಲಾಭ ಅದೇ, ಯಾಕೆಂದರೆ ಎಷ್ಟೋ ಆಂಟಿಬಯಾಟಿಕ್‌ಗಳು ಆ ಹೊರಪೊರೆ ದಾಟಲಾಗದೇ ಸೋಲುತ್ತವೆ.

ಇಲ್ಲಿ 'ಮೇಲ್ಮೈ' ಅಂದರೆ ಸಾಲದು ಅಂತ ನನಗನಿಸುತ್ತದೆ. ಇ. ಕೋಲಿಯಂಥ ಬ್ಯಾಕ್ಟೀರಿಯಾಕ್ಕೆ ಒಳಪೊರೆ, ತೆಳು ಗೋಡೆ, ಹೊರಪೊರೆ ಅಂತ ಮೂರು ಪದರ. ಯಾವುದರಲ್ಲಿ ಪ್ರೋಟೀನು ಇದೆ ಅನ್ನುವುದೇ ಕಥೆ. 'ಪೊರೆ' ನನಗೆ ತುಂಬಾ ಹಿಡಿಸಿದ ಪದ. ಹಾವು ಬಿಡುವುದೂ ಪೊರೆ, ಕಣ್ಣಿಗೆ ಬರುವುದೂ ಪೊರೆ. ಕ್ರಿಯಾಪದವಾದರೆ ಕಾಪಾಡು ಅಂತ ಅರ್ಥ. ಎರಡೂ ಬೇರೆ ಬೇರೆ ಮೂಲದ ಪದಗಳೋ ಏನೋ, ಬಲ್ಲವರು ಹೇಳಿ. ಬ್ಯಾಕ್ಟೀರಿಯಾದ ವಿಷಯದಲ್ಲಂತೂ ಎರಡೂ ಅರ್ಥ ಸರಿಹೊಂದುತ್ತವೆ.

ಕೊನೆಯದು, ಈ ಮೂರು ಪದರದ ಬ್ಯಾಕ್ಟೀರಿಯಾಗಳಿಗೆ ಇರುವ ಹೆಸರು, 'ಗ್ರಾಂ ಋಣಾತ್ಮಕ ಬ್ಯಾಕ್ಟೀರಿಯಾ'. ಇದನ್ನು ನೋಡಿದರೆ ತೂಕವೂ ನೆನಪಾಗುತ್ತದೆ, ಸಾಲವೂ ನೆನಪಾಗುತ್ತದೆ. ಗ್ರಾಂ ಅನ್ನುವುದು ಡೆನ್ಮಾರ್ಕಿನ ಡಾಕ್ಟರ ಹೆಸರು, ಹಾನ್ಸ್ ಕ್ರಿಶ್ಚಿಯನ್ ಗ್ರಾಂ. 1884ರಲ್ಲಿ ಅವರು ತೋರಿಸಿದ ವಿಧಾನದಲ್ಲಿ ನೇರಳೆ ಬಣ್ಣ ಹಾಕಿ ಆಲ್ಕೋಹಾಲಿನಲ್ಲಿ ತೊಳೆದರೆ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಬಣ್ಣ ನಿಲ್ಲುತ್ತದೆ, ಕೆಲವದರಲ್ಲಿ ಬಿಟ್ಟುಹೋಗುತ್ತದೆ. ಬಿಟ್ಟುಹೋಗುವುದೇ ನೆಗೆಟಿವ್. ಇದರಲ್ಲಿ ಋಣ ಎಲ್ಲಿಂದ ಬಂತು? ಮೊದಲ ಸಲ 'ಗ್ರಾಂ ಬಣ್ಣ ನಿಲ್ಲದ' ಅಂತ ಹೇಳಿ, ಆಮೇಲೆ ಸುಮ್ನೆ ಗ್ರಾಂ-ನೆಗೆಟಿವ್ ಅಂತ ಬರೆಯೋಣ ಅಂತಿದ್ದೇನೆ.

ನನಗೆ ಬೇಕಿರುವುದು ನಿಘಂಟಿನ ಪದವಲ್ಲ, ಅದು ನನ್ನ ಹತ್ತಿರವೂ ಇದೆ. ನಿಮ್ಮ ಕಡೆ ಮೆಡಿಕಲ್ ಶಾಪಿನಲ್ಲಿ, ದನದ ಡಾಕ್ಟರ ಹತ್ತಿರ, ಮನೆಯಲ್ಲಿ, ಮದ್ದು ಕೊಟ್ಟರೂ ರೋಗಾಣು ಬಗ್ಗದಿದ್ದರೆ ಏನಂತಾರೆ? ನಾಟಲ್ಲ, ಹಿಡಿಯಲ್ಲ, ತಾಗಲ್ಲ, ಇವಲ್ಲದೆ ಬೇರೆ ಏನಾದರೂ ಇದೆಯಾ? ಅದಕ್ಕೊಂದು ನಾಮಪದವೂ ಇದ್ದರೆ ದಯವಿಟ್ಟು ಮೊದಲು ಅದನ್ನು ಬರೆಯಿರಿ.