ಒಬ್ಬಾಕಿನ ಗೋಕರ್ಣಕ್ಕ ಹೋಗಿ ಸುಮ್ನ ಕೂತು ಬರಬೇಕಂತ ಮಾಡೇನಿ, ಗೊತ್ತಿದ್ದವರು ಹೇಳ್ರಿ

ಪ್ರಶ್ನೆ (ಸಾಧನಕೇರಿ, ಧಾರವಾಡ):
ನಾ ಹೈಸ್ಕೂಲಿನ್ಯಾಗ ಗಣಿತ ಕಲಸಾಕಿ. ಪೇಪರ್ ತಿದ್ದಿ ತಿದ್ದಿ ತಲಿ ಕೆಟ್ಟೈತಿ. ಡಿಸೆಂಬರದಾಗ ಮೂರ್ನಾಕು ದಿನ ಸಮುದ್ರದ ದಂಡಿಗೆ ಹೋಗಿ ಮಲಗೂದು, ತಿನ್ನೂದು, ಮತ್ತ ಮಲಗೂದು, ಇಷ್ಟ. ಗುಡಿ, ಜಲಪಾತ, ಬೋಟ್ ಯಾವುದೂ ಬ್ಯಾಡ. "ಒಬ್ಬಾಕಿನ ಯಾಕ? ಗಂಡನ ಕೂಡ ಜಗಳ ಆಗೇತೇನು?" ಅಂತ ಅತ್ತಿ ಈಗಾಗಲೇ ಕೇಳ್ಯಾರ. ಆಗಿಲ್ಲ. ಬಸ್ಸು, ರೂಮು, ರಾತ್ರಿ ಹೆಂಗಂತ ಹೇಳ್ರಿ.

ಉತ್ತರ (ವಿದ್ಯಾನಗರ, ಹುಬ್ಬಳ್ಳಿ):
ನಾ ವರ್ಷಾ ಹಿಂಗ ಹೋಗ್ತೇನ್ರಿ, ಮಗಳು ಕಾಲೇಜಿಗೆ ಹೋದಾಗಿನಿಂದ. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ಮ್ಯಾಲ ಹಾದಿ. ಸುಮಾರು 150 ಕಿಮೀ, ನಾಕು ತಾಸು ಅಂತ ಇಟಗೋರಿ. ಡೈರೆಕ್ಟ್ ಬಸ್ಸು ಸಿಗಲಿಲ್ಲಂದ್ರ ಕಾರವಾರ ಬಸ್ಸಿಗೆ ಅಂಕೋಲಾದಾಗ ಇಳದು ಬ್ಯಾರೆ ಹಿಡೀರಿ. ಸಾದಾ ಬಸ್ಸು, ವೇಗದೂತ ಇದ್ರ ಶಕ್ತಿ ಯೋಜನಾದಾಗ ಪುಕಟ, ಆಧಾರ್ ಇಟಗೋಬೇಕು. ರಾಜಹಂಸಕ್ಕ ರೊಕ್ಕ ಕೊಡಬೇಕು. ಮುಂಜಾನೆ ಬಸ್ಸಿಗೇ ಹೋಗ್ರಿ, ಬೆಳಕಿದ್ದಾಗ ರೂಮ್ ನೋಡಲಿಕ್ಕೆ ಬರ್ತದ.

ನಿಮಗ ಕುಡ್ಲೆ ಬೀಚ್ ಛಲೋ. ಓಂ ಬೀಚ್ ಆಕಾರ ಛಂದ, ಆದ್ರ ಶನಿವಾರ ಬೆಂಗಳೂರಿನ ಮಂದಿ ಬಂತಂದ್ರ ಜಾತ್ರಿ. ಸೋಮವಾರ ಹೋಗಿ ಗುರುವಾರ ಬರ್ರಿ. ರಜಾ ಸಿಗೂದಿಲ್ಲ ಅನ್ನಬ್ಯಾಡ್ರಿ, ಲಗ್ನಕ್ಕ ಸಿಗತದಲ್ಲ.

ರೂಮಿಗೆ ಒಳಗ ಕಾಲಿಟ್ಟ ಕೂಡ್ಲೆ ನಾ ಚೀಲ ಕೆಳಗ ಇಡೂದಿಲ್ಲ. ಬಾಗಿಲು ಹಾಕಿ ಚಿಲಕ ಜಗ್ಗಿ ನೋಡ್ತೇನಿ, ಸ್ಕ್ರೂ ಅಲ್ಲಾಡ್ತದೇನಂತ. ಆಮ್ಯಾಲ ಬಚ್ಚಲದ ಕಿಡಕಿ, ಗಾಜಿನ ಪಟ್ಟಿ ಒಂದರ ಬಿದ್ದದೇನು. ಬಿದ್ದಿದ್ರ ಅಲ್ಲೇ ನಿಂತು ಬ್ಯಾರೆ ರೂಮ್ ಕೇಳ್ತೇನಿ, ನಾಚಗಿ ಯಾತಕ್ಕ? ಫೋನ್ ಮಾಡಿದಾಗ "ರಾತ್ರಿ ಕೌಂಟರ್‌ನ್ಯಾಗ ಯಾರ ಇರ್ತಾರ" ಅಂತ ಕೇಳ್ರಿ. ಉತ್ತರ ತಡವರಿಸಿದ್ರ ಬಿಟ್ಟುಬಿಡ್ರಿ.

ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳ ನಡಕ ಗುಡ್ಡದ ಕಾಲುಹಾದಿ ಅದ. ಹಗಲ ಹೋಗ್ರಿ, ಹೊತ್ತು ಮುಳುಗಿದ ಮ್ಯಾಲ ಒಬ್ಬಾಕಿ ಬ್ಯಾಡ. ತುರ್ತು ಸಹಾಯದ ನಂಬರ್ 112 ಫೋನಿನ್ಯಾಗ ಇರ್ಲಿ. ಇನ್ನ ನೀರು: ನಾವು ಕೆರಿ, ಬಾವ್ಯಾಗ ಈಜು ಕಲತವರು, ಸಮುದ್ರದ ಮುಂದ ಆ ಧೈರ್ಯ ನಡೆಯೂದಿಲ್ಲ. ನೀರು ಒಳಗ ಎಳೀಲಿಕ್ಕೆ ಹತ್ತಿದ್ರ ದಂಡಿ ಕಡೆ ನೇರ ಬಡಿದಾಡಬ್ಯಾಡ್ರಿ, ದಂಡಿಗುಂಟ ಅಡ್ಡ ಈಜಿ ಎಳೆತ ತಪ್ಪಿಸ್ಕೊಂಡು ಆಮ್ಯಾಲ ಬರ್ರಿ. ಈಜು ಬರೂದಿಲ್ಲಂದ್ರ ಮೊಳಕಾಲ ಮಟ ಸಾಕು.

ಉತ್ತರ (ಗದಗ):
ಗೋಕರ್ಣನೂ ಗದ್ದಲ ಅನಸಿದ್ರ ಹೊನ್ನಾವರದ ಕಾಸರಕೋಡ ಬೀಚ್ ನೋಡ್ರಿ ಅಕ್ಕಾರ. 2020ರಾಗ ಬ್ಲೂ ಫ್ಲ್ಯಾಗ್ (ಸ್ವಚ್ಛ ಬೀಚಿಗೆ ಕೊಡೂ ಅಂತರರಾಷ್ಟ್ರೀಯ ಮನ್ನಣೆ) ಸಿಕ್ಕೈತಿ, ಸ್ವಚ್ಛ ಐತಿ, ಹೆಚ್ಚಾಗಿ ಮಕ್ಕಳು ಮರಿ ಕಟಗೊಂಡು ಬಂದವರ ಇರ್ತಾರ. ಮತ್ತ ಡಿಸೆಂಬರ್ ತಪ್ಪಿದ್ರ ಶಿವರಾತ್ರಿ ಹೊತ್ತಿಗೆ ಗೋಕರ್ಣಕ್ಕ ಹೋಗಬ್ಯಾಡ್ರಿ. ತೇರು ಇರತೈತಿ, ರೂಮಿನ ಹೆಸರ ಎತ್ತಂಗಿಲ್ಲ.

ಪ್ರಶ್ನೆ ಕೇಳಿದಾಕಿ:
ಚಿಲಕದ ಮಾತು ಬರಕೊಂಡೆ. ರಾತ್ರಿ ಊಟಕ್ಕ ಒಬ್ಬಾಕಿ ಕೂತ್ರ ಎಲ್ಲಾರೂ ನೋಡ್ತಾರಲ್ರಿ?

ಉತ್ತರ (ವಿದ್ಯಾನಗರ):
ನೋಡ್ಲಿ ಬಿಡ್ರಿ, ಅವರ ಊಟ ಆರ್ತದ. ಕತ್ತಲಾಗೂದರೊಳಗ ಬೀಚಿನ ಮ್ಯಾಲಿನ ಶ್ಯಾಕ್‌ನ್ಯಾಗ (ಗುಡಿಸಲಿನಂಥ ಹೋಟೆಲ್) ಉಂಡು ರೂಮಿಗೆ ಬರ್ರಿ, ಮೀನು ತಿನ್ನೂದಿದ್ರ ಅಲ್ಲೇ. ಗುಡಿ ಕಡೆ ಹೋಟೆಲ್ ಬಹಳಷ್ಟು ಸಸ್ಯಾಹಾರಿ. ರಾತ್ರಿ ಹಸಿವಾದ್ರ ಇರ್ಲಿ ಅಂತ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ರಿ. ಮನಿಗೆ ದಿನಾ ಒಂದ ಹೊತ್ತು, ಸಂಜಿಮುಂದ, ಫೋನ್ ಅಂತ ಮೊದಲ ಹೇಳಿಬಿಡ್ರಿ, ಇಲ್ಲಂದ್ರ ಉಪ್ಪಿನ ಡಬ್ಬಿ ಎಲ್ಲದ ಅಂತ ದಿನಾ ಹತ್ತು ಸಲ ಕೇಳ್ತಾರ.