ಟಿಕೆಟ್ ಕೌಂಟರ್ ಮುಚ್ಚೋ ತೀರ್ಮಾನ ಯಾರದ್ದು?

ಜಂಬಗಾರು ಪ್ರಯಾಣಿಕ, ಸಾಗರ
ತಂಗಿ ಇಂಗ್ಲೆಂಡಿನಲ್ಲಿದಾಳೆ. ಅವಳಿಂದ ಕೇಳಿದ್ಮೇಲೆ ಈ ವಿಷಯ ತಲೇಲಿ ಕೊರೀತಿದೆ. 2023ರ ಜುಲೈನಲ್ಲಿ ಅಲ್ಲಿನ ರೈಲು ಕಂಪನಿಗಳು ಹತ್ತಿರ ಹತ್ತಿರ ಸಾವಿರ ಟಿಕೆಟ್ ಕಚೇರಿ ಮುಚ್ಚೋ ಪ್ರಸ್ತಾವ ಇಟ್ವು. ಅಕ್ಟೋಬರ್ 31ಕ್ಕೆ ಸಾರಿಗೆ ಸಚಿವ ಮಾರ್ಕ್ ಹಾರ್ಪರ್ ವಾಪಸ್ ತಗೊಳ್ಳಿ ಅಂದ್ರು, ಅಲ್ಲಿಗೆ ಮುಗೀತು. ಮಂತ್ರಿಯ ಒಂದೇ ಮಾತಿಗೆ ಇದು ನಿಲ್ಲೋದಾದ್ರೆ, ಶುರುವಾಗಿದ್ದು ಯಾರ ಮಾತಿಂದ?

ಅಮ್ಮನ್ನ ಬೆಂಗಳೂರಿನ ಕಿದ್ವಾಯಿಗೆ ಕರ್ಕೊಂಡು ಹೋಗ್ಬೇಕು. ಕ್ಯಾನ್ಸರ್ ರೋಗಿಗಳ ರಿಯಾಯಿತಿ ಟಿಕೆಟ್ ಮೊಬೈಲಲ್ಲಿ ಸಿಗಲ್ಲ, ಸರ್ಟಿಫಿಕೇಟ್ ಹಿಡ್ಕೊಂಡು ಕೌಂಟರಿಗೇ ಹೋಗ್ಬೇಕು. ಆ ಕಿಟಕಿ ಇಲ್ದೆ ಇದ್ರೆ ನಮ್ಮಂಥೋರ ಗತಿ ಏನು ಅಂತ ಹೆದರಿಕೆ ಆಗುತ್ತೆ.

ಟೌನ್ ಸ್ಟೇಷನ್, ಶಿವಮೊಗ್ಗ
ದುಡ್ಡು ಯಾರ ಕೈಲಿದೆ ನೋಡಿ. 2020ರಲ್ಲಿ ಕೋವಿಡ್ ಬಂದಾಗ ಅಲ್ಲಿನ ಸರ್ಕಾರ ಕಂಪನಿಗಳ ಲಾಭ ನಷ್ಟ ತನ್ನ ಮೇಲೆ ಎಳ್ಕೊಂಡು, ಕಂಪನಿಗಳಿಗೆ ರೈಲು ಓಡಿಸೋಕೆ ಶುಲ್ಕ ಕೊಡೋಕೆ ಶುರು ಮಾಡ್ತು. ಹಾಗಾಗಿ ಕೌಂಟರ್ ಮುಚ್ಚಿ ಉಳಿಸಿದ ಹಣ ಕೊನೆಗೆ ಸೇರೋದು ಖಜಾನೆಗೇ. ನೋಟಿಸ್ ಮೇಲೆ ಕಂಪನಿ ಹೆಸರಿದ್ರೂ ಹೊಣೆ ಸರ್ಕಾರದ್ದೇ.

ಅಡಿಕೆ ತೋಟ, ಆನಂದಪುರ
ಕೌಂಟರಲ್ಲಿ ಮಾರಾಟ ಆಗೋದು ಶೇ. 12 ಮಾತ್ರ ಅಂತ ಕಂಪನಿಗಳು ಹೇಳ್ತಿದ್ವು. ಖರ್ಚು ಉಳಿಸ್ಬಾರ್ದಾ?

ಜಂಬಗಾರು ಪ್ರಯಾಣಿಕ, ಸಾಗರ
ಉಳಿಸ್ಲಿ. ಆದ್ರೆ ಆ ಹನ್ನೆರಡರಲ್ಲಿ ಕಣ್ಣು ಕಾಣದೋರು, ವಯಸ್ಸಾದೋರು, ನಗದಲ್ಲೇ ವ್ಯವಹಾರ ಮಾಡೋರು ಇದಾರಲ್ಲ. ಅಲ್ಲಿ ಸುಮಾರು ಏಳೂವರೆ ಲಕ್ಷ ಅಭಿಪ್ರಾಯ ಬಂದ್ವು. ಪ್ರಯಾಣಿಕರ ಪರ ಇರೋ ಎರಡು ಸಂಸ್ಥೆಗಳು ಎಲ್ಲ ಪ್ರಸ್ತಾವಕ್ಕೂ ಆಕ್ಷೇಪ ಹಾಕಿದ್ವು. ಜನರನ್ನ ಕೇಳ್ದೆ ಮುಚ್ಚೋ ಹಾಗಿರ್ಲಿಲ್ಲ ಅನ್ನೋದೇ ಅವರನ್ನ ಕಾಪಾಡಿದ್ದು.

ನಮ್ಮಲ್ಲಿ ರೈಲ್ವೆ ಅಂದ್ರೇನೇ ಸರ್ಕಾರ, ನಡುವೆ ಕಂಪನಿ ಇಲ್ಲ. ಮೈಸೂರು ವಿಭಾಗಕ್ಕೆ ಬಳಕೆದಾರರ ಸಲಹಾ ಸಮಿತಿ ಇದೆ, ಆದ್ರೆ ಅದು ಸಲಹೆ ಕೊಡ್ಬಹುದು ಅಷ್ಟೇ, ತಡೆಯೋ ಅಧಿಕಾರ ಇಲ್ಲ. ನನಗೆ ಸಂಕಟ ಆಗೋದು ಇಲ್ಲೇ. ಕೌಂಟರ್ ಸಮಯ ಒಂದು ಗಂಟೆ ಕಡಿಮೆ ಮಾಡೋದಿದ್ರೂ ಮೊದ್ಲು ಸ್ಟೇಷನ್ನಲ್ಲಿ ಕನ್ನಡದಲ್ಲಿ ನೋಟಿಸ್ ಹಚ್ಚಿ, ಜನರ ಮಾತು ಕೇಳಿ ಅಂತ ವಿಭಾಗೀಯ ವ್ಯವಸ್ಥಾಪಕರಿಗೆ ಅರ್ಜಿ ಬರೀತಿದೀನಿ.

ಟೌನ್ ಸ್ಟೇಷನ್, ಶಿವಮೊಗ್ಗ
ಸಂಸದರಿಗೂ ಒಂದು ಪ್ರತಿ ಕಳ್ಸಿ. ತಾಳಗುಪ್ಪ, ಕುಂಸಿ ಕಡೆಯೋರ ಸಹಿನೂ ಬೇಕು, ಈ ಕಡೆ ಸಹಿ ನಾನು ಹಾಕಿಸ್ತೀನಿ.